ತುಂಬುವುದೋ, ಎತ್ತಿ ಕಟ್ಟುವುದೋ? ಸ್ತನದ ಶಸ್ತ್ರಕ್ರಿಯೆಗೆ ಮುನ್ನ ಯೋಚಿಸತಕ್ಕ ಮಾತುಗಳು

ನಮ್ಮ ಹೆಂಗಸರು ಹಲ್ಲುನೋವು, ಸೊಂಟನೋವು, ಮಗುವಿನ ಕೆಮ್ಮು ಮುಂತಾದುವನ್ನು ನೆರೆಮನೆಯವರೊಡನೆ ಧಾರಾಳವಾಗಿ ಮಾತನಾಡುತ್ತಾರೆ. ಸ್ತನದ ವಿಷಯ ಬಂದಾಗ ಮಾತ್ರ ಎಲ್ಲರ ಬಾಯಿಯೂ ಕಟ್ಟಿಹೋಗುತ್ತದೆ. ತಾಯಿ ಮಗಳೊಡನೆ ಆಡುವುದಿಲ್ಲ. ಅಕ್ಕ ತಂಗಿಯೊಡನೆ ಆಡುವುದಿಲ್ಲ. ಗಂಡನೊಡನೆ ಆಡುವುದಂತೂ ದೂರವೇ ಉಳಿಯಿತು. ಊರಿನಲ್ಲಾದರೆ ಹೆರಿಗೆಯ ಹೊತ್ತಿಗೆ ಅಜ್ಜಿಯೋ ದೊಡ್ಡಮ್ಮನೋ ಬಳಿಯಲ್ಲಿದ್ದು, "ಹೆತ್ತ ಮೇಲೆ ಮೈ ಹೀಗೆಯೇ ಕಣೇ" ಎಂದು ನಾಲ್ಕು ಮಾತು ಹೇಳುತ್ತಿದ್ದರು. ಮುಂಬಯಿಯ ಮೂರನೆಯ ಮಹಡಿಯಲ್ಲಿಯೋ, ದೆಹಲಿಯ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿಯೋ ಇರುವ ತಾಯಿಗೆ ಆ ಮಾತು ಹೇಳುವವರಿಲ್ಲ. ಅವಳಿಗೆ ಉತ್ತರ ಹೇಳಲು ಮುಂದೆ ಬರುವುದು ಜಾಹೀರಾತು.

ಜಾಹೀರಾತು ಹೇಳುವುದು ಸುಲಭವಾದ ಮಾತು: ಒಂದು ದಿನ ಬನ್ನಿ, ಮರುದಿನ ಮನೆಗೆ ಹೋಗಿ, ಹಿಂದಿನ ರೂಪ ಮರಳಿ ಬರುತ್ತದೆ. ಅಲ್ಲಿ ಎರಡು ಬೇರೆ ಬೇರೆ ಶಸ್ತ್ರಕ್ರಿಯೆಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಸ್ತನದೊಳಗೆ ಸಿಲಿಕೋನಿನ ಚೀಲವನ್ನು ಇಟ್ಟು ಗಾತ್ರ ಹೆಚ್ಚಿಸುವುದು ಒಂದು. ಇದಕ್ಕೆ ಇಂಪ್ಲಾಂಟ್ ಎನ್ನುತ್ತಾರೆ. ಇಳಿಬಿದ್ದ ಸ್ತನದ ಹೆಚ್ಚಿನ ಚರ್ಮವನ್ನು ತೆಗೆದು, ಉಳಿದುದನ್ನು ಎತ್ತಿ ಕಟ್ಟುವುದು ಇನ್ನೊಂದು. ಇದಕ್ಕೆ ಲಿಫ್ಟ್ ಎನ್ನುತ್ತಾರೆ. ಮೊದಲನೆಯದು ತುಂಬುವ ಕೆಲಸ, ಎರಡನೆಯದು ಎತ್ತುವ ಕೆಲಸ. ಇವೆರಡರ ಭೇದವನ್ನು ಅರಿಯದೆ ಮೇಜಿನ ಮೇಲೆ ಮಲಗಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ಹಣ ಹೋಗುತ್ತದೆ, ನೋವು ಆಗುತ್ತದೆ, ಬಯಸಿದುದು ಮಾತ್ರ ಸಿಗುವುದಿಲ್ಲ.

ಇವು ಪ್ರಾಣ ಉಳಿಸುವುದಕ್ಕಾಗಿ ಮಾಡುವ ಚಿಕಿತ್ಸೆಗಳಲ್ಲ ಎಂಬುದನ್ನು ಮೊದಲೇ ನೆನಪಿನಲ್ಲಿಡಬೇಕು. ಆರೋಗ್ಯವಾಗಿರುವ ಅಂಗವನ್ನು ಕೊಯ್ಯುವ ಕೆಲಸವಿದು. ಆದುದರಿಂದ ಅವಸರ ಎಂಬುದು ಇಲ್ಲವೇ ಇಲ್ಲ. ಇಂದು ಮಾಡಿಸುವುದನ್ನು ಮುಂದಿನ ವರ್ಷ ಮಾಡಿಸಿದರೂ ಯಾವ ಕೇಡೂ ಇಲ್ಲ. ಹಾಗೆಂದು ಇದನ್ನು ಬಯಸುವವಳನ್ನು ಷೋಕಿಯವಳೆಂದು ಹಳಿಯುವುದೂ ನ್ಯಾಯವಲ್ಲ. ತನ್ನ ದೇಹದೊಡನೆ ನೆಮ್ಮದಿಯಾಗಿರಬೇಕೆಂಬ ಆಸೆ ಎಲ್ಲರಿಗೂ ಇರತಕ್ಕದ್ದೇ. ತಿಳಿದು ನಿರ್ಧರಿಸಬೇಕು ಎಂಬುದಷ್ಟೇ ಈ ಲೇಖನದ ಉದ್ದೇಶ.

ಸ್ತನ ಏಕೆ ಇಳಿಯುತ್ತದೆ?

ಸ್ತನದೊಳಗೆ ಸ್ನಾಯು ಇಲ್ಲ. ಹಾಲಿನ ಗ್ರಂಥಿಗಳು, ಅವುಗಳ ಸುತ್ತ ಕೊಬ್ಬು, ಇವನ್ನು ಹಿಡಿದಿಡುವ ನವುರಾದ ತಂತುಗಳು, ಮೇಲೆ ಚರ್ಮ, ಇಷ್ಟೇ ಅದರ ರಚನೆ. ಈ ತಂತುಗಳನ್ನು ಇಂಗ್ಲೆಂಡಿನ ಶಸ್ತ್ರವೈದ್ಯ ಸರ್ ಆಸ್ಟ್ಲಿ ಕೂಪರ್ 1840ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ. ಇಂದಿಗೂ ಅವಕ್ಕೆ ಕೂಪರನ ತಂತುಗಳೆಂದೇ ಹೆಸರು. ಎದೆಯ ಸ್ನಾಯು ಇರುವುದು ಸ್ತನದ ಹಿಂದೆ, ಪಕ್ಕೆಲುಬಿನ ಮೇಲೆ. ಆದುದರಿಂದ ವ್ಯಾಯಾಮದಿಂದ ಆ ಸ್ನಾಯು ಬಲಗೊಂಡೀತು, ಬೆನ್ನು ನೆಟ್ಟಗಾದೀತು. ಹಿಗ್ಗಿದ ಚರ್ಮ ಮಾತ್ರ ಮತ್ತೆ ಕುಗ್ಗಲಾರದು. ಎಣ್ಣೆ ತಿಕ್ಕುವುದು, ಲೇಪ ಹಚ್ಚುವುದು, ಮಾತ್ರೆ ನುಂಗುವುದು ಇವುಗಳಿಂದ ಇಳಿದ ಸ್ತನ ಮೇಲೇರುವುದಿಲ್ಲ. ಇವುಗಳಿಗೆ ಸುರಿಯುವ ಹಣ ವ್ಯರ್ಥ.

ಬಸುರಿನಲ್ಲಿ ಗ್ರಂಥಿಗಳು ಬೆಳೆದು ಸ್ತನ ದೊಡ್ಡದಾಗುತ್ತದೆ. ಚರ್ಮವೂ ತಂತುಗಳೂ ಹಿಗ್ಗುತ್ತವೆ. ಮಗು ಹಾಲು ಬಿಟ್ಟ ಮೇಲೆ ಗ್ರಂಥಿಗಳು ಕುಗ್ಗುತ್ತವೆ. ಹಿಗ್ಗಿದ ಚರ್ಮ ಅಷ್ಟೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಚೀಲ ದೊಡ್ಡದು, ಒಳಗಿನ ಕಾಳು ಕಡಮೆ ಎಂಬಂತಾಗುತ್ತದೆ. ಮೈತೂಕ ಬಹಳ ಏರಿ ಇಳಿದವರಲ್ಲಿ ಕೂಡ ಹೀಗೆಯೇ ಆಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕು. ಹಾಲೂಡಿಸಿದರೆ ಎದೆ ಜೋತುಬೀಳುತ್ತದೆ ಎಂದು ಹೆದರಿ, ಎಳೆಯ ಕೂಸಿಗೆ ಬಾಟಲಿ ಹಿಡಿಸುವ ತಾಯಂದಿರು ನಗರಗಳಲ್ಲಿದ್ದಾರೆ. ಅಮೆರಿಕದ ಕೆಂಟಕಿ ವಿಶ್ವವಿದ್ಯಾನಿಲಯದ ಶಸ್ತ್ರವೈದ್ಯರು ಈ ಶಸ್ತ್ರಕ್ರಿಯೆಗಳಿಗಾಗಿ ಬಂದ ತಾಯಂದಿರನ್ನು ವಿಚಾರಿಸಿ, 2008ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ವಯಸ್ಸು, ಮೈತೂಕ, ಎಷ್ಟು ಬಾರಿ ಬಸುರಾದಳೆಂಬುದು, ಬಸುರಿಗೆ ಮುನ್ನವೇ ಸ್ತನ ದೊಡ್ಡದಾಗಿತ್ತೆ ಎಂಬುದು, ಧೂಮಪಾನದ ಚಟ ಇತ್ತೆ ಎಂಬುದು ಇವೆಲ್ಲಕ್ಕೂ ಇಳಿಬೀಳುವುದಕ್ಕೂ ಸಂಬಂಧ ಕಂಡಿತು. ಹಾಲೂಡಿಸಿದುದಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ. ಎಂದಮೇಲೆ ರೂಪದ ಭಯದಿಂದ ಮಗುವಿನ ಬಾಯಿಂದ ಹಾಲನ್ನು ಕಸಿಯುವುದು ಕೂಸಿಗೂ ನಷ್ಟ, ತಾಯಿಗೂ ಲಾಭವಿಲ್ಲ.

ಕನ್ನಡಿಯ ಮುಂದೆ ಎರಡು ಪ್ರಶ್ನೆ

ನಿಮ್ಮ ಕೊರಗು ಯಾವುದು? ಗಾತ್ರ ಸಾಲದೆಂಬುದೇ, ಅಥವಾ ಸ್ಥಾನ ತಪ್ಪಿತೆಂಬುದೇ? ಈ ಒಂದು ಭೇದವನ್ನು ತಿಳಿದರೆ ಅರ್ಧ ನಿರ್ಧಾರವಾದಂತೆಯೇ.

ಸ್ತನದ ಕೆಳಗೆ, ಅದು ಎದೆಗೂಡನ್ನು ಸೇರುವಲ್ಲಿ ಒಂದು ಮಡಿಕೆ ಇದೆಯಷ್ಟೆ? ಆ ಮಡಿಕೆಯ ಮಟ್ಟವೇ ಅಳತೆಗೋಲು. ಕನ್ನಡಿಯ ಮುಂದೆ ತೋಳುಗಳನ್ನು ಇಳಿಬಿಟ್ಟು ನೆಟ್ಟಗೆ ನಿಂತಾಗ ಮೊಲೆತೊಟ್ಟು ಆ ಮಡಿಕೆಗಿಂತ ಮೇಲಿದೆಯೋ ಕೆಳಗಿದೆಯೋ ನೋಡಿಕೊಳ್ಳಬೇಕು. ಕೆನಡಾದ ಶಸ್ತ್ರವೈದ್ಯೆ ಪೌಲ್ ರೆನೋ 1976ರಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡು ದರ್ಜೆಗಳನ್ನು ಗುರುತಿಸಿದರು. ಜಗತ್ತಿನ ವೈದ್ಯರೆಲ್ಲ ಇಂದಿಗೂ ಇದನ್ನು ಬಳಸುತ್ತಾರೆ. ತೊಟ್ಟು ಮಡಿಕೆಯ ಮಟ್ಟಕ್ಕೆ ಬಂದಿದ್ದರೆ ಮೊದಲನೆಯ ದರ್ಜೆ. ಮಡಿಕೆಗಿಂತ ಕೆಳಗಿಳಿದಿದ್ದು, ಸ್ತನದ ತೀರ ಕೆಳಭಾಗಕ್ಕಿಂತ ಮೇಲಿದ್ದರೆ ಎರಡನೆಯದು. ತೊಟ್ಟು ಎಲ್ಲಕ್ಕಿಂತ ಕೆಳಗೆ ಬಂದು ನೆಲವನ್ನು ನೋಡುತ್ತಿದ್ದರೆ ಮೂರನೆಯದು.

ತೊಟ್ಟು ಮಡಿಕೆಗಿಂತ ಮೇಲೇ ಇದ್ದು, ಸ್ತನ ಬರಿದಾದಂತೆ ಅಥವಾ ಮೊದಲಿನಿಂದಲೂ ಚಿಕ್ಕದಾಗಿ ತೋರುತ್ತಿದ್ದರೆ ಅದು ಗಾತ್ರದ ಪ್ರಶ್ನೆ. ಅಂಥವರು ಏನಾದರೂ ಮಾಡಿಸುವುದಾದರೆ ಚೀಲವೇ ಅದಕ್ಕೆ ಉತ್ತರ. ತೊಟ್ಟು ಕೆಳಗಿಳಿದಿದ್ದು, ಬ್ರಾ ತೊಟ್ಟಾಗ ಗಾತ್ರ ಸಾಕಷ್ಟಿದೆ ಎನ್ನಿಸಿದರೆ ಅದು ಸ್ಥಾನದ ಪ್ರಶ್ನೆ. ಎತ್ತಿ ಕಟ್ಟುವುದೇ ಅದಕ್ಕೆ ಉತ್ತರ. ಬ್ರಾದೊಳಗೆ ಎಲ್ಲವೂ ಸರಿಯಾಗಿ ಕಾಣುತ್ತದೆ, ಕಳಚಿದಾಗ ಮಾತ್ರ ಬೇಸರ ಎನ್ನುವವರು ಸಾಮಾನ್ಯವಾಗಿ ಈ ಎರಡನೆಯ ಗುಂಪಿನವರು.

ಇಳಿದ ಸ್ತನಕ್ಕೆ ದೊಡ್ಡ ಚೀಲ ಇಟ್ಟರೆ ಅದೇ ಎತ್ತಿ ನಿಲ್ಲಿಸುವುದಿಲ್ಲವೆ ಎಂದು ಕೆಲವರು ಕೇಳುತ್ತಾರೆ. ನಿಲ್ಲಿಸುವುದಿಲ್ಲ. ತೀರ ಅಲ್ಪ ಇಳಿತವಾದರೆ ಚೀಲ ತುಂಬಿದಾಗ ಅದು ಮರೆಯಾದೀತು. ಹೆಚ್ಚು ಇಳಿದಿದ್ದರೆ ಚೀಲ ಮೇಲೆ ಎದೆಗೂಡಿಗೆ ಅಂಟಿ ನಿಲ್ಲುತ್ತದೆ, ಸ್ತನ ಅದರ ಮೇಲಿನಿಂದ ಕೆಳಕ್ಕೆ ಜಾರುತ್ತದೆ. ಬಂಡೆಯ ಮೇಲಿಂದ ನೀರು ಬಿದ್ದಂತೆ ಕಾಣುವುದರಿಂದ ವೈದ್ಯರು ಈ ವಿಕಾರಕ್ಕೆ ಜಲಪಾತದ ಹೆಸರನ್ನೇ ಇಟ್ಟಿದ್ದಾರೆ. ಮೇಲಾಗಿ ಚೀಲದ ಭಾರದಿಂದ ಚರ್ಮ ಇನ್ನಷ್ಟು ಹಿಗ್ಗುತ್ತದೆ. ಕಲೆ ಬೇಡವೆಂಬ ಆಸೆಯಿಂದ ಲಿಫ್ಟಿನ ಬದಲು ದೊಡ್ಡ ಚೀಲವನ್ನು ಒಪ್ಪಿಕೊಳ್ಳುವುದು ಮುಂದೆ ಎರಡನೆಯ ಶಸ್ತ್ರಕ್ರಿಯೆಗೆ ದಾರಿ.

ಚೀಲದ ಕಥೆ

ಸ್ತನವನ್ನು ತುಂಬುವ ಪ್ರಯತ್ನ ಹಳೆಯದು. ಜರ್ಮನಿಯ ಹೈಡೆಲ್‌ಬರ್ಗಿನ ಶಸ್ತ್ರವೈದ್ಯ ವಿನ್ಸೆಂಟ್ಸ್ ಚೆರ್ನಿ 1895ರಲ್ಲಿ, ಗೆಡ್ಡೆ ತೆಗೆದ ಸ್ತನವನ್ನು ಅದೇ ಹೆಂಗಸಿನ ಬೆನ್ನಿನ ಕೊಬ್ಬಿನ ಗಂಟಿನಿಂದ ತುಂಬಿದ. ಆಮೇಲೆ ಕೆಲವರು ಪ್ಯಾರಫಿನ್ ಮೇಣವನ್ನೇ ಸೂಜಿಯಿಂದ ಚುಚ್ಚಿದರು. ಅದು ಒಳಗೆ ಗಂಟುಕಟ್ಟಿ ಹುಣ್ಣಾಗಿ ಅನೇಕರನ್ನು ನರಳಿಸಿತು.

ಇಂದಿನ ಸಿಲಿಕೋನ್ ಚೀಲದ ಚರಿತ್ರೆ ಪ್ರಾರಂಭವಾದುದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿ. ಅಲ್ಲಿಯ ಶಸ್ತ್ರವೈದ್ಯರಾದ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ ಎಂಬವರು ಇದನ್ನು ರೂಪಿಸಿದರು. ರಕ್ತ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಕೈಯಲ್ಲಿ ಹಿಡಿದಾಗ ಜೆರೋಗೆ ಈ ಕಲ್ಪನೆ ಹೊಳೆಯಿತೆಂದು ಹೇಳುತ್ತಾರೆ. ಮೊದಲು ಒಂದು ನಾಯಿಗೆ ಇಟ್ಟು ನೋಡಿದರು. ಬಳಿಕ ಅದನ್ನು ಇಡಿಸಿಕೊಂಡ ಮೊದಲನೆಯ ಹೆಂಗಸು ಟಿಮ್ಮಿ ಜೀನ್ ಲಿಂಡ್ಸೆ, ಆರು ಮಕ್ಕಳ ತಾಯಿ.

ಈಕೆಯ ಕಥೆಯಲ್ಲಿ ನಮಗೊಂದು ಪಾಠವಿದೆ. ಅವಳು ಆಸ್ಪತ್ರೆಗೆ ಹೋದುದು ಎದೆಯ ಮೇಲಿನ ಹಚ್ಚೆಯನ್ನು ಅಳಿಸಿಕೊಳ್ಳುವುದಕ್ಕೆ. ವೈದ್ಯರೇ ಚೀಲದ ಮಾತನ್ನೆತ್ತಿದರು. ಅವಳ ಮನಸ್ಸಿನಲ್ಲಿದ್ದುದು ತನ್ನ ಮುಂಚಾಚಿದ ಕಿವಿಗಳನ್ನು ಸರಿಪಡಿಸಿಕೊಳ್ಳುವುದು. ಕಿವಿಯನ್ನೂ ಸರಿಪಡಿಸುತ್ತೇವೆಂದು ಅವರು ಹೇಳಿದ ಮೇಲೆ ಅವಳು ಒಪ್ಪಿದಳು. ಆಕೆ ಆ ಚೀಲಗಳನ್ನು ತೆಗೆಸಲಿಲ್ಲ. ವೃದ್ಧಾಪ್ಯದವರೆಗೂ ಅವು ಅವಳ ಮೈಯಲ್ಲಿಯೇ ಇದ್ದವು. ಆದರೆ ಒಂದು ಕೆಲಸಕ್ಕೆಂದು ಹೋದವಳು ಇನ್ನೊಂದಕ್ಕೆ ಒಪ್ಪಿ ಬರುವುದು ಅಂದಿನಂತೆಯೇ ಇಂದೂ ನಡೆಯುತ್ತದೆ. ಸಲಹೆಗೆಂದು ಹೋದಾಗ, ನೀವು ಕೇಳದ ಶಸ್ತ್ರಕ್ರಿಯೆಯನ್ನು ಯಾರಾದರೂ ಮುಂದಿಟ್ಟರೆ ಅಲ್ಲಿಯೇ ಒಪ್ಪದೆ ಮನೆಗೆ ಬಂದು ಯೋಚಿಸುವುದು ಮೇಲು.

ಮುಂದಿನ ಚರಿತ್ರೆ ಏಳುಬೀಳಿನದು. ಚೀಲ ಒಡೆದು ಕಾಯಿಲೆ ಬಂತೆಂಬ ದೂರುಗಳು ಹೆಚ್ಚಿ, 1992ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸೌಂದರ್ಯಕ್ಕಾಗಿ ಸಿಲಿಕೋನ್ ಜೆಲ್ ಚೀಲ ಇಡುವುದನ್ನು ತಡೆಯಿತು. 1999ರಲ್ಲಿ ಅಲ್ಲಿಯ ವೈದ್ಯಕೀಯ ಸಂಸ್ಥೆಯೊಂದರ ತಜ್ಞರ ಸಮಿತಿಯು, ಈ ಚೀಲಗಳಿಂದ ಇಡೀ ಮೈಯ ರೋಗಗಳು ಬರುತ್ತವೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದೂ, ಸ್ತನದಲ್ಲಿಯೇ ಆಗುವ ತೊಂದರೆಗಳು ಮಾತ್ರ ನಿಜವಾದ ಸಮಸ್ಯೆಯೆಂದೂ ವರದಿ ಮಾಡಿತು. 2006ರಲ್ಲಿ ತಡೆ ತೆರವಾಯಿತು. 2010ರಲ್ಲಿ ಫ್ರಾನ್ಸಿನ ಪಿ.ಐ.ಪಿ. ಕಂಪನಿಯ ಮೋಸ ಹೊರಬಿತ್ತು. ವೈದ್ಯಕೀಯಕ್ಕೆ ತಕ್ಕ ಸಿಲಿಕೋನಿನ ಬದಲು ಕೈಗಾರಿಕೆಯ ಅಗ್ಗದ ಸಿಲಿಕೋನನ್ನು ತುಂಬಿ, ಅನೇಕ ದೇಶಗಳಿಗೆ ಮಾರಿದ್ದರು. ಅದರ ಸ್ಥಾಪಕನಿಗೆ 2013ರಲ್ಲಿ ನಾಲ್ಕು ವರ್ಷಗಳ ಸಜೆ ವಿಧಿಸಲಾಯಿತು. 2019ರಲ್ಲಿ ಅಲರ್ಗನ್ ಕಂಪನಿಯು ತನ್ನ ಒರಟು ಮೈಯ ಒಂದು ಬಗೆಯ ಚೀಲಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಬೇಕಾಯಿತು. ಚೀಲದ ಸುತ್ತಲಿನ ಅಂಗಾಂಶದಲ್ಲಿ ಹುಟ್ಟುವ, ಅಪರೂಪವಾದ ಒಂದು ಬಗೆಯ ಲಿಂಫೋಮಾ ಕ್ಯಾನ್ಸರು ಅಂಥ ಚೀಲಗಳಲ್ಲಿ ಹೆಚ್ಚಾಗಿ ಕಂಡುಬಂದಿತ್ತು.

ಇಷ್ಟೆಲ್ಲ ಹೇಳಿದುದು ಹೆದರಿಸುವುದಕ್ಕಲ್ಲ. ಕೋಟ್ಯಂತರ ರೂಪಾಯಿಯ ಈ ವ್ಯಾಪಾರದಲ್ಲಿ, ತನ್ನ ಮೈಯೊಳಗೆ ಹೋಗುವ ವಸ್ತು ಯಾವ ಕಂಪನಿಯದು, ನಯವಾದ ಮೈಯದೋ ಒರಟು ಮೈಯದೋ, ಅದರ ಸಂಖ್ಯೆ ಏನು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳುವುದು ಹೆಂಗಸಿನ ಹಕ್ಕು ಎಂಬುದಕ್ಕಾಗಿ. ಹಿಂದಕ್ಕೆ ಪಡೆದ ಚೀಲ ತನ್ನದೇ ಅಲ್ಲವೇ ಎಂದು ತಿಳಿಯಬೇಕಾದರೆ ಆ ಚೀಟಿ ಬೇಕು. ಚೀಲದೊಡನೆ ಬರುವ ಚೀಟಿಯನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿ ಇಡತಕ್ಕದ್ದು.

ಚೀಲ ಇಡಿಸಿದವರ ಮುಂದಿನ ದಿನಗಳು

ಶಸ್ತ್ರಕ್ರಿಯೆಗೆ ಒಂದೆರಡು ಗಂಟೆ ಹಿಡಿಯುತ್ತದೆ, ಅರಿವಳಿಕೆ ಕೊಡುತ್ತಾರೆ. ಸ್ತನದ ಕೆಳಗಿನ ಮಡಿಕೆಯಲ್ಲಿಯೋ, ತೊಟ್ಟಿನ ಸುತ್ತಲಿನ ಕಪ್ಪು ವರ್ತುಲದ ಅಂಚಿನಲ್ಲಿಯೋ, ಕಂಕುಳಲ್ಲಿಯೋ ಸಣ್ಣ ಗಾಯ ಮಾಡಿ ಚೀಲವನ್ನು ಸೇರಿಸುತ್ತಾರೆ. ಚೀಲದ ಹೊದಿಕೆ ಸಿಲಿಕೋನ್. ಒಳಗೆ ಉಪ್ಪುನೀರು ಅಥವಾ ಸಿಲಿಕೋನ್ ಜೆಲ್. ಕಲೆ ಚಿಕ್ಕದು, ಫಲ ಕೂಡಲೆ ಕಾಣುತ್ತದೆ. ಇದು ಅದರ ಆಕರ್ಷಣೆ.

ಇನ್ನು ಅದರ ಬೆಲೆ. ಚೀಲ ಬಾಳಿನುದ್ದಕ್ಕೂ ಬರುವ ವಸ್ತುವಲ್ಲ. ಸೌಂದರ್ಯಕ್ಕಾಗಿ ಇಡಿಸಿಕೊಂಡ ಐವರಲ್ಲಿ ಒಬ್ಬಳು ಹತ್ತು ವರ್ಷಗಳೊಳಗೆ ಅದನ್ನು ತೆಗೆಸಬೇಕಾಗಬಹುದೆಂದು ಅಮೆರಿಕದ ಅದೇ ಆಡಳಿತವು 2011ರಲ್ಲಿ ತಿಳಿಸಿತು. ಮೂವತ್ತು ವರ್ಷದ ಹೆಣ್ಣು ಇಂದು ಇಡಿಸಿದರೆ, ನಲವತ್ತರಲ್ಲಿಯೋ ಐವತ್ತರಲ್ಲಿಯೋ ಮತ್ತೊಮ್ಮೆ, ಬಹುಶಃ ಅರವತ್ತೈದರಲ್ಲಿ ಇನ್ನೊಮ್ಮೆ ಶಸ್ತ್ರಕ್ರಿಯೆಗೆ ಮೈಯೊಡ್ಡಬೇಕಾದೀತು. ಲೆಕ್ಕ ಹಾಕುವಾಗ ಮೊದಲ ಬಾರಿಯ ಖರ್ಚನ್ನಷ್ಟೇ ಹಾಕಬಾರದು.

ಹೊರಗಿನ ವಸ್ತುವಿನ ಸುತ್ತ ದೇಹ ತಾನೇ ಒಂದು ಪೊರೆಯನ್ನು ಕಟ್ಟಿಕೊಳ್ಳುತ್ತದೆ. ಕೆಲವರಲ್ಲಿ ಆ ಪೊರೆ ಬಿಗಿದು ಸ್ತನ ಗಟ್ಟಿಯಾಗುತ್ತದೆ, ನೋಯುತ್ತದೆ, ಆಕಾರ ಕೆಡುತ್ತದೆ. ಉಪ್ಪುನೀರಿನ ಚೀಲ ಒಡೆದರೆ ಸ್ತನ ಕುಗ್ಗಿ ಕೂಡಲೆ ತಿಳಿಯುತ್ತದೆ; ಜೆಲ್ ಚೀಲ ಒಡೆದುದು ಮಾತ್ರ ಹೊರಗೆ ತಿಳಿಯದೆ ಹೋಗಬಹುದು. ಅದಕ್ಕಾಗಿ ಇಡಿಸಿದ ಐದಾರು ವರ್ಷಗಳಿಗೊಮ್ಮೆ, ಆಮೇಲೆ ಎರಡು ಮೂರು ವರ್ಷಗಳಿಗೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಪರೀಕ್ಷೆ ಮಾಡಿಸಬೇಕೆಂದು ಅಮೆರಿಕದಲ್ಲಿ ಸಲಹೆ ಮಾಡುತ್ತಾರೆ. ಕೆಲವು ಹೆಂಗಸರು ಚೀಲ ಇಡಿಸಿದ ಮೇಲೆ ಬಳಲಿಕೆ, ಕೀಲುನೋವು, ಮರೆವು ಬಂದಿತೆಂದೂ, ತೆಗೆಸಿದ ಬಳಿಕ ಹಗುರವಾಯಿತೆಂದೂ ಹೇಳುತ್ತಾರೆ. ಇದರ ಕಾರಣ ಇನ್ನೂ ಇತ್ಯರ್ಥವಾಗಿಲ್ಲ. ಆದರೂ 2021ರಿಂದ ಅಮೆರಿಕದಲ್ಲಿ ಇಂಥ ಸಂಗತಿಗಳನ್ನೆಲ್ಲ ಪಟ್ಟಿಮಾಡಿ, ರೋಗಿಗೆ ಓದಿಸಿ ಸಹಿ ಹಾಕಿಸಿಕೊಂಡ ಮೇಲೆಯೇ ಚೀಲ ಇಡಬೇಕೆಂಬ ಕಟ್ಟಳೆ ಮಾಡಿದ್ದಾರೆ. ಚೀಲ ಇಡಿಸಿ ವರ್ಷಗಳು ಕಳೆದ ಮೇಲೆ ಒಂದು ಸ್ತನ ಇದ್ದಕ್ಕಿದ್ದಂತೆ ಊದಿಕೊಂಡರೆ ತಡಮಾಡದೆ ತೋರಿಸಬೇಕು.

ಕ್ಯಾನ್ಸರ್ ಪತ್ತೆಗಾಗಿ ಸ್ತನದ ಎಕ್ಸರೇ, ಎಂದರೆ ಮ್ಯಾಮೊಗ್ರಾಂ, ತೆಗೆಸುವಾಗ ಚೀಲವು ಹಿಂದಿನ ಭಾಗವನ್ನು ಮರೆಮಾಡುತ್ತದೆ. ಚೀಲವನ್ನು ಹಿಂದಕ್ಕೆ ಸರಿಸಿ ಬೇರೆ ಕೋನಗಳಿಂದ ಚಿತ್ರ ತೆಗೆಯುವ ವಿಧಾನ ಇದೆ. ಅದು ನಡೆಯಬೇಕಾದರೆ "ನನಗೆ ಚೀಲ ಇಡಿಸಿದ್ದಾರೆ" ಎಂದು ಮೊದಲೇ ಹೇಳಬೇಕು. ಇಲ್ಲಿಯೂ ಸಂಕೋಚ ಮಾಡಿದರೆ ರೋಗ ಕಣ್ಣುತಪ್ಪಿ ಹೋದೀತು.

ಎತ್ತಿ ಕಟ್ಟುವ ಶಸ್ತ್ರಕ್ರಿಯೆ

ಇದರಲ್ಲಿ ಹೊರಗಿನ ವಸ್ತು ಏನೂ ಒಳಗೆ ಹೋಗುವುದಿಲ್ಲ. ಆದುದರಿಂದ ಒಡೆಯುವ ಭಯವಿಲ್ಲ, ಬದಲಾಯಿಸುವ ಖರ್ಚಿಲ್ಲ. ಇದರ ಬೆಲೆ ಕಲೆ. ಇಳಿತ ಅಲ್ಪವಾದರೆ ಕಪ್ಪು ವರ್ತುಲದ ಸುತ್ತ ಮಾತ್ರ ಕೊಯ್ಯುತ್ತಾರೆ. ಸ್ವಲ್ಪ ಹೆಚ್ಚಾದರೆ ವರ್ತುಲದಿಂದ ಮಡಿಕೆಯವರೆಗೆ ನೇರವಾಗಿ ಒಂದು ಗೆರೆ ಇಳಿಯುತ್ತದೆ. ಬಹಳ ಇಳಿದಿದ್ದರೆ ಮಡಿಕೆಯುದ್ದಕ್ಕೂ ಅಡ್ಡಗೆರೆ ಸೇರಿ ಹಡಗಿನ ಲಂಗರಿನ ಆಕಾರದ ಕಲೆ ಉಳಿಯುತ್ತದೆ. ಈ ಗೆರೆಗಳು ಮೊದಲ ತಿಂಗಳುಗಳಲ್ಲಿ ಕೆಂಪಾಗಿ ಉಬ್ಬಿರುತ್ತವೆ, ಒಂದೆರಡು ವರ್ಷಗಳಲ್ಲಿ ಮಾಸುತ್ತವೆ, ಪೂರ್ತಿ ಅಳಿಯುವುದಿಲ್ಲ. ನಮ್ಮಂಥ ಕಪ್ಪು-ಕಂದು ಚರ್ಮದವರಲ್ಲಿ ಗಾಯದ ಕಲೆ ದಪ್ಪನಾಗಿ ಬೆಳೆಯುವ ಸಂಭವ ಬಿಳಿಯರಿಗಿಂತ ಹೆಚ್ಚು. ಕಿವಿ ಚುಚ್ಚಿಸಿದಲ್ಲಿ, ಸಿಡುಬಿನ ಚುಚ್ಚುಮದ್ದಿನ ಜಾಗದಲ್ಲಿ, ಹಿಂದಿನ ಸಿಸೇರಿಯನ್ ಹೆರಿಗೆಯ ಗಾಯದಲ್ಲಿ ನಿಮಗೆ ಗಂಟು ಬೆಳೆದಿದ್ದರೆ ವೈದ್ಯರಿಗೆ ಅದನ್ನು ತೋರಿಸಿಯೇ ಮುಂದುವರಿಯಬೇಕು.

ಎತ್ತಿ ಕಟ್ಟಿದರೆ ಗಾತ್ರ ಹೆಚ್ಚುವುದಿಲ್ಲ. ಬಿಗಿಯಾಗಿ ಒಟ್ಟುಗೂಡಿದುದರಿಂದ ಕೆಲವರಿಗೆ ಮೊದಲಿಗಿಂತ ಚಿಕ್ಕದಾಯಿತೆಂದೇ ತೋರುತ್ತದೆ. ಬರಿದಾದ ಮೇಲ್ಭಾಗ ತುಂಬಿಕೊಳ್ಳಬೇಕೆಂದು ಬಯಸುವವರಿಗೆ ಇದರಿಂದ ನಿರಾಸೆಯಾದೀತು. ತೊಟ್ಟಿನ ಸ್ಪರ್ಶಜ್ಞಾನ ಕಡಮೆಯಾಗುವ ಸಂಭವ ಎರಡು ಶಸ್ತ್ರಕ್ರಿಯೆಗಳಲ್ಲಿಯೂ ಇದೆ. ಕಾಲ ಕಳೆದಂತೆ, ಮೈತೂಕ ಏರಿಳಿದಂತೆ, ಮತ್ತೊಮ್ಮೆ ಬಸುರಾದರೆ ಸ್ತನ ಮರಳಿ ಇಳಿಯುತ್ತದೆ. ಎತ್ತಿ ಕಟ್ಟಿದುದರಿಂದ ವಯಸ್ಸು ನಿಲ್ಲುವುದಿಲ್ಲವಷ್ಟೆ!

ಕೆಲವರಿಗೆ ಎರಡೂ ಬೇಕಾಗುತ್ತದೆ: ಇಳಿದದ್ದೂ ಹೌದು, ಬರಿದಾದದ್ದೂ ಹೌದು. ಎರಡನ್ನೂ ಒಂದೇ ಸಲ ಮಾಡುವುದುಂಟು. ಆದರೆ ಒಂದು ಚರ್ಮವನ್ನು ಬಿಗಿಮಾಡುವ ಕೆಲಸ, ಇನ್ನೊಂದು ಅದೇ ಚರ್ಮವನ್ನು ಒಳಗಿನಿಂದ ಹಿಗ್ಗಿಸುವ ಕೆಲಸ. ಎರಡರ ಎಳೆತಕ್ಕೆ ಸಿಕ್ಕಿದ ಗಾಯ ಮಾಯುವುದು ಕಷ್ಟ. ಮರುಶಸ್ತ್ರಕ್ರಿಯೆಯ ಸಂಭವ ಹೆಚ್ಚು. ಅದಕ್ಕಾಗಿ ಕೆಲವು ವೈದ್ಯರು ಮೊದಲು ಎತ್ತಿ ಕಟ್ಟಿ, ಕೆಲವು ತಿಂಗಳು ಕಾದು, ಆಮೇಲೂ ಬೇಕೆನ್ನಿಸಿದರೆ ಮಾತ್ರ ಚಿಕ್ಕ ಚೀಲ ಇಡುತ್ತಾರೆ. ಎಷ್ಟೋ ಮಂದಿಗೆ ಎತ್ತಿ ಕಟ್ಟಿದ ಮೇಲೆ ಚೀಲ ಬೇಡವೆನ್ನಿಸುವುದೂ ಉಂಟು. ಹೊಟ್ಟೆ ತೊಡೆಗಳ ಕೊಬ್ಬನ್ನು ಹೀರಿ ತೆಗೆದು ಸ್ತನಕ್ಕೆ ತುಂಬುವ ವಿಧಾನವೂ ಇದೆ. ಅದರಲ್ಲಿ ಒಂದು ಭಾಗ ಕರಗಿಹೋಗುತ್ತದೆ, ಗಾತ್ರ ಅಲ್ಪವಾಗಿಯೇ ಹೆಚ್ಚುತ್ತದೆ.

ಯಾವಾಗ ಮಾಡಿಸಬಾರದು?

ಇನ್ನೂ ಮಕ್ಕಳು ಬೇಕೆಂದಿರುವವರು ಹೆರಿಗೆಗಳು ಮುಗಿಯುವವರೆಗೆ ಕಾಯುವುದು ಒಳ್ಳೆಯದು. ಎತ್ತಿ ಕಟ್ಟುವಾಗ ಹಾಲಿನ ನಾಳಗಳಿಗೆ ಪೆಟ್ಟಾಗಬಹುದು; ಚೀಲ ಇಡುವಾಗಲೂ ಕಪ್ಪು ವರ್ತುಲದ ಅಂಚಿನಲ್ಲಿ ಕೊಯ್ದರೆ ಆ ಸಂಭವವಿದೆ. ಅನೇಕರು ಆಮೇಲೂ ಹಾಲೂಡಿಸಿದ್ದಾರೆ, ನಿಜ; ಆದರೆ ಹಾಲು ಸಾಲದೆ ಹೋದೀತು. ಮಗು ಹಾಲು ಬಿಟ್ಟ ಮೇಲೆ ಆರು ತಿಂಗಳಾದರೂ ಕಳೆದು, ಸ್ತನ ತನ್ನ ನಿಜವಾದ ಗಾತ್ರಕ್ಕೆ ಬಂದ ಬಳಿಕ ಯೋಚಿಸತಕ್ಕದ್ದು. ತೂಕ ಇಳಿಸುವವರಿದ್ದರೆ ಅದೂ ಮೊದಲು ಮುಗಿಯಲಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೂ ತಂಬಾಕಿನ ಚಟವುಳ್ಳವರಿಗೂ ಗಾಯ ಮಾಯುವುದು ತಡ. ತೊಟ್ಟಿಗೆ ರಕ್ತ ಸಾಲದೆ ಕೆಡುವ ಭಯವೂ ಇದೆ. ಸ್ತನದಲ್ಲಿ ಗಂಟು ಇದೆಯೋ ಎಂಬ ಪರೀಕ್ಷೆ ಎಲ್ಲಕ್ಕಿಂತ ಮೊದಲು ಆಗಬೇಕು.

ಮದುವೆಗೆ ಮುನ್ನ ಮಗಳಿಗೆ ಮಾಡಿಸೋಣವೇ ಎಂದು ಕೇಳುವ ತಾಯಂದಿರಿಗೂ ಒಂದು ಮಾತು. ಅಮೆರಿಕದಲ್ಲಿ ಸೌಂದರ್ಯಕ್ಕಾಗಿ ಉಪ್ಪುನೀರಿನ ಚೀಲವನ್ನು 18 ವರ್ಷ ತುಂಬಿದವರಿಗೆ, ಜೆಲ್ ಚೀಲವನ್ನು 22 ತುಂಬಿದವರಿಗೆ ಮಾತ್ರ ಒಪ್ಪಿದ್ದಾರೆ. ಎರಡು ಸ್ತನಗಳಲ್ಲಿ ಅಲ್ಪಸ್ವಲ್ಪ ಹೆಚ್ಚುಕಡಮೆ ಇರುವುದು ಬಹುಪಾಲು ಹೆಂಗಸರ ಸ್ವಭಾವವೇ, ಅದು ದೋಷವಲ್ಲ. ಹುಡುಗಿ ತಾನಾಗಿ ಬಯಸದೆ, ವರನ ಕಡೆಯವರ ಒಂದು ಮಾತಿಗಾಗಿ ಅವಳ ಮೈಯೊಳಗೆ ಜೀವನಪರ್ಯಂತ ನೋಡಿಕೊಳ್ಳಬೇಕಾದ ವಸ್ತುವನ್ನು ಇಡಿಸುವುದು ಯಾವ ನ್ಯಾಯ? ಗಂಡನ ಮೆಚ್ಚುಗೆಗಾಗಿ ಮಾಡಿಸಿಕೊಳ್ಳುವವರಿಗೂ ಇದೇ ಮಾತು. ಗಂಡಂದಿರು ಹೆಂಡತಿಯ ಮನಸ್ಸಿನಲ್ಲಿ ಏನಿದೆಯೆಂದು ಕೇಳಬೇಕು. ಬೇಕೆಂದೋ ಬೇಡವೆಂದೋ ಅಪ್ಪಣೆ ಮಾಡುವುದು ಅವರ ಕೆಲಸವಲ್ಲ.

ಹಣ ಮತ್ತು ಮನೆ

ಸೌಂದರ್ಯಕ್ಕಾಗಿ ಮಾಡಿಸುವ ಶಸ್ತ್ರಕ್ರಿಯೆಗೆ ನಮ್ಮ ದೇಶದ ಆರೋಗ್ಯ ವಿಮೆಗಳು ಹಣ ಕೊಡುವುದಿಲ್ಲ. ಉಳಿದ ಚಿಕಿತ್ಸೆಗಳಿಗೆ ಇರುವ ಜಿ.ಎಸ್.ಟಿ. ವಿನಾಯಿತಿ ಕೂಡ ಇದಕ್ಕಿಲ್ಲ. ಕ್ಯಾನ್ಸರಿನಿಂದಾಗಿ ಸ್ತನವನ್ನು ತೆಗೆದ ಮೇಲೆ ಮತ್ತೆ ಕಟ್ಟಿಸುವುದು ಬೇರೆಯ ವಿಷಯ. ಅದನ್ನು ಚಿಕಿತ್ಸೆಯ ಭಾಗವೆಂದೇ ಎಣಿಸುತ್ತಾರೆ, ವಿಮೆಯ ನಿಯಮಗಳಲ್ಲಿಯೂ ಅದಕ್ಕೆ ಅವಕಾಶವಿದೆ. ಅಂಥವರು ಸಂಕೋಚವಿಲ್ಲದೆ ವಿಚಾರಿಸಬೇಕು.

ಊರು ಬಿಟ್ಟು ಬಂದ ಸಂಸಾರಗಳಿಗೆ ಇನ್ನೊಂದು ಲೆಕ್ಕವಿದೆ. ಶಸ್ತ್ರಕ್ರಿಯೆಯಾದ ಮೇಲೆ ಒಂದೆರಡು ವಾರ ವಿಶ್ರಾಂತಿ ಬೇಕು. ನಾಲ್ಕಾರು ವಾರ ಭಾರ ಎತ್ತುವಂತಿಲ್ಲ, ತೋಳನ್ನು ಮೇಲೆತ್ತಿ ಎಳೆಯುವಂತಿಲ್ಲ. ಎಂದರೆ ನೀರಿನ ಬಕೆಟ್ಟಿಲ್ಲ, ಎರಡು ವರ್ಷದ ಮಗುವನ್ನು ಎತ್ತಿಕೊಳ್ಳುವುದಿಲ್ಲ, ಅಟ್ಟದ ಡಬ್ಬಿ ಇಳಿಸುವುದಿಲ್ಲ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಸರಳು ಹಿಡಿದು ನಿಲ್ಲುವುದಿಲ್ಲ. ಆ ದಿನಗಳಲ್ಲಿ ಅಡಿಗೆ ಯಾರು ಮಾಡುತ್ತಾರೆ, ಮಗುವನ್ನು ಶಾಲೆಗೆ ಯಾರು ಬಿಡುತ್ತಾರೆ? ಊರಿನಿಂದ ಅಮ್ಮನನ್ನು ಕರೆಸುವುದಾದರೆ ಅವರಿಗೆ ನಿಜವನ್ನು ಹೇಳಬೇಕಾಗುತ್ತದೆ. ಗುಟ್ಟಾಗಿ ಮುಗಿಸಿಬಿಡುತ್ತೇನೆಂದು ಹೊರಟು, ಮೂರನೆಯ ದಿನವೇ ಒಲೆಯ ಮುಂದೆ ನಿಂತು ಹೊಲಿಗೆ ಬಿಚ್ಚಿಸಿಕೊಳ್ಳುವುದಕ್ಕಿಂತ, ಒಬ್ಬರಿಗಾದರೂ ಹೇಳಿ ನೆರವು ಪಡೆಯುವುದು ಜಾಣತನ.

ವೈದ್ಯರನ್ನು ಕೇಳತಕ್ಕ ಪ್ರಶ್ನೆಗಳು

ಸೌಂದರ್ಯದ ಅಂಗಡಿ ಇಟ್ಟವರೆಲ್ಲ ಶಸ್ತ್ರವೈದ್ಯರಲ್ಲ. ಎಂ.ಬಿ.ಬಿ.ಎಸ್. ಆದ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿ ಪಡೆದವರೇ ಎಂದು ನೋಡಿಕೊಳ್ಳಿ. ಅರಿವಳಿಕೆಯ ತಜ್ಞರೂ ತುರ್ತು ಚಿಕಿತ್ಸೆಯ ಸೌಕರ್ಯವೂ ಇರುವ ಆಸ್ಪತ್ರೆಯನ್ನೇ ಆರಿಸಿ. ಇಬ್ಬರು ವೈದ್ಯರನ್ನಾದರೂ ಕಾಣಿ. ಹೋಗುವಾಗ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ:

1. ನನ್ನದು ಗಾತ್ರದ ಕೊರತೆಯೋ, ಇಳಿತವೋ? ಇಳಿತವಾದರೆ ಎಷ್ಟನೆಯ ದರ್ಜೆ?

2. ನೀವು ಹೇಳುವ ಶಸ್ತ್ರಕ್ರಿಯೆಯಿಂದ ಯಾವುದು ಸರಿಹೋಗುವುದಿಲ್ಲ?

3. ಕಲೆ ಎಲ್ಲಿ, ಎಷ್ಟು ಉದ್ದ? ನನ್ನಂಥ ಮೈಬಣ್ಣದವರ ಕಲೆ ಒಂದು ವರ್ಷದ ಮೇಲೆ ಹೇಗಿದೆಯೆಂದು ಚಿತ್ರಗಳನ್ನು ತೋರಿಸುತ್ತೀರಾ?

4. ಚೀಲವಾದರೆ ಯಾವ ಕಂಪನಿಯದು, ಯಾವ ಬಗೆಯದು, ಎಷ್ಟು ಗಾತ್ರ? ಅದರ ಚೀಟಿ ನನಗೆ ಕೊಡುತ್ತೀರಾ?

5. ತೊಂದರೆಯಾಗಿ ಮತ್ತೆ ಶಸ್ತ್ರಕ್ರಿಯೆ ಬೇಕಾದರೆ ಖರ್ಚು ಯಾರದು?

6. ಮುಂದೆ ಚೀಲ ಬೇಡವೆನ್ನಿಸಿ ತೆಗೆಸಿದರೆ ಸ್ತನ ಹೇಗೆ ಕಾಣುತ್ತದೆ?

7. ಏನೂ ಮಾಡಿಸದೆ ಇದ್ದರೆ ನನಗೆ ಏನಾಗುತ್ತದೆ?

ಕೊನೆಯ ಪ್ರಶ್ನೆಗೆ ಪ್ರಾಮಾಣಿಕನಾದ ವೈದ್ಯ "ಏನೂ ಆಗುವುದಿಲ್ಲ" ಎಂದೇ ಉತ್ತರ ಹೇಳಬೇಕು. ಆ ಉತ್ತರವನ್ನು ಹೇಳಲು ಹಿಂಜರಿದು, "ಈ ವಾರವೇ ಹಣ ಕಟ್ಟಿದರೆ ರಿಯಾಯಿತಿ" ಎಂದು ಅವಸರಿಸುವವರ ಬಾಗಿಲಿನಿಂದ ಹಿಂತಿರುಗುವುದು ಕ್ಷೇಮ.

ತುಂಬುವುದು, ಎತ್ತಿ ಕಟ್ಟುವುದು ಇವೆರಡರ ಜೊತೆಗೆ ಸುಮ್ಮನಿರುವುದೂ ಒಂದು ನಿರ್ಧಾರವೇ. ಸರಿಯಾದ ಅಳತೆಯ, ಅಗಲವಾದ ಪಟ್ಟಿಯ ಒಳ್ಳೆಯ ಬ್ರಾ ತೊಟ್ಟು ಬೆನ್ನು ನೆಟ್ಟಗೆ ನಿಂತಾಗಲೇ ಅನೇಕರ ಕೊರಗು ಕಡಮೆಯಾಗುತ್ತದೆ. ಅದನ್ನು ಮೊದಲು ಮಾಡಿ ನೋಡಬಹುದು. ಅಷ್ಟರಿಂದ ಸಮಾಧಾನವಾಗದೆ, ವರ್ಷವೊಂದು ಕಾದ ಮೇಲೂ ಅದೇ ಬಯಕೆ ಉಳಿದಿದ್ದರೆ, ಬಯಕೆ ತನ್ನದೇ ಆಗಿದ್ದರೆ, ಹಣವೂ ನೆರವೂ ಕೈಯಲ್ಲಿದ್ದರೆ, ಅಂಥವಳು ತಲೆಯೆತ್ತಿ ವೈದ್ಯರಲ್ಲಿಗೆ ಹೋಗಲಿ. ಯಾವ ದಾರಿ ಹಿಡಿದರೂ ತನ್ನ ಕೊರತೆ ಗಾತ್ರದ್ದೋ ಸ್ಥಾನದ್ದೋ ಎಂಬುದನ್ನು ತಿಳಿದೇ ಹೋಗಲಿ. ಹೋಗುವ ಮುನ್ನ ಅಕ್ಕನೊಡನೆಯೋ ಗೆಳತಿಯೊಡನೆಯೋ ಒಮ್ಮೆ ಬಾಯಿಬಿಟ್ಟು ಮಾತನಾಡಲಿ.